ಉಲ್ಲಾಳದ ಉಳಿ, ಕಸ್ತೂರಬಾ ರಸ್ತೆಯ ರೆಕ್ಕೆ

‘ನಮ್ಮನೆ ಉಲ್ಲಾಳದಲ್ಲಿ’ ಅಂದರೆ ಆಫೀಸಿನಲ್ಲಿ ಮೊದಲು ಬರೋ ಪ್ರಶ್ನೆ ಒಂದೇ. ‘ಓ, ಮಂಗಳೂರಾ? ಊಟಕ್ಕೆ ದಿನಾ ಮೀನಾ?’ ರಾಣಿ ಅಬ್ಬಕ್ಕನ ಉಲ್ಲಾಳ ಬೇರೆ ಮಾರಾಯ್ರೇ, ನಮ್ಮದು ಬೇರೆ. ನಮ್ಮದು ಬೆಂಗಳೂರಿನ ಪಶ್ಚಿಮದ ಉಲ್ಲಾಳ. ಒಂದು ಕಡೆ ಜ್ಞಾನಭಾರತಿಯ ಮರಗಳು, ಇನ್ನೊಂದು ಕಡೆ ಸರ್ ಎಂ.ವಿ. ಲೇಔಟಿನ ಸೈಟುಗಳು, ಕೆಂಗೇರಿಗೆ ಒಂದು ದಾರಿ, ಮಲ್ಲತ್ತಹಳ್ಳಿಗೆ ಇನ್ನೊಂದು ದಾರಿ. ನಡುವೆ ಒಂದು ಕೆರೆ. ಸಮುದ್ರ ಇಲ್ಲ, ಮೀನೂಟ ಭಾನುವಾರ ಮಾತ್ರ.

ಬೆಳಗ್ಗೆ ಕೆರೆ ಏರಿ ಮೇಲೆ ವಾಕಿಂಗ್ ಹೋದರೆ ಮೇಲೆ ಹದ್ದುಗಳು ಸುತ್ತುತ್ತಿರುತ್ತವೆ. ಅಪರೂಪಕ್ಕೆ ಬಿಳಿ ಎದೆಯ, ಕಂದು ರೆಕ್ಕೆಯ ಗರುಡ ಕಾಣಿಸುತ್ತದೆ. ಅಮ್ಮ ತಕ್ಷಣ ಕೈ ಮುಗಿದು, ಕೆನ್ನೆ ಕೆನ್ನೆ ಬಡಿದುಕೊಂಡು ‘ಕೃಷ್ಣ ಕೃಷ್ಣ’ ಅಂತಾಳೆ. ತಂಗಿ ಮಾತ್ರ ಕೈ ಮುಗಿಯೋದಿಲ್ಲ. ಕತ್ತೆತ್ತಿ ನೋಡುತ್ತಾ ನಿಲ್ಲುತ್ತಾಳೆ. ‘ಅಕ್ಕಾ, ನೋಡೇ, ತಿರುಗೋವಾಗ ರೆಕ್ಕೆ ತುದಿ ಮಾತ್ರ ಹೇಗೆ ತಿರುಚುತ್ತೆ’ ಅಂತಾಳೆ. ನಾನು ‘ಹೂಂ’ ಅಂದು ಫೋನಿನಲ್ಲಿ ಹೆಜ್ಜೆ ಎಷ್ಟಾಯ್ತು ಅಂತ ನೋಡಿಕೊಳ್ಳುತ್ತೇನೆ.

ಈ ತಂಗಿಯಿಂದಲೇ ಈ ಕಥೆ ಶುರುವಾಗಿದ್ದು.

ಕಲ್ಲು ಹೊಡೆಯೋ ಕೆಲಸ

ನಮ್ಮ ರಸ್ತೆಯಿಂದ ಸ್ವಲ್ಪ ದೂರದಲ್ಲಿ ಒಂದು ತಗಡಿನ ಶೆಡ್ ಇದೆ. ಮುಂದೆ ಅರ್ಧ ಕೆತ್ತಿದ ನಂದಿ, ಮುಖ ಮೂಡದ ಆಂಜನೇಯ, ಒಂದೆರಡು ತುಳಸಿಕಟ್ಟೆ. ಪಿಯುಸಿ ಓದುವಾಗ ಕಾಲೇಜಿಂದ ಬರುತ್ತಾ ತಂಗಿ ಅಲ್ಲಿ ನಿಲ್ಲೋದಕ್ಕೆ ಶುರು ಮಾಡಿದಳು. ಮೊದಲು ಐದು ನಿಮಿಷ. ಆಮೇಲೆ ಒಂದು ಗಂಟೆ. ಮೇಸ್ತ್ರಿ ಮೊದಮೊದಲು ‘ಧೂಳು ಕಣಮ್ಮಾ, ಮನೆಗೋಗು’ ಅನ್ನುತ್ತಿದ್ದರಂತೆ. ಕೊನೆಗೆ ಒಂದು ದಿನ ಬೇಡದ ಬಳಪದ ಕಲ್ಲಿನ ಚೂರು, ಒಂದು ಹಳೇ ಉಳಿ ಕೊಟ್ಟು ‘ಇದರ ಮೇಲೆ ಏನಾದ್ರೂ ಮಾಡ್ಕೋ’ ಅಂದರಂತೆ. ಅವಳು ಗರುಡನ ರೆಕ್ಕೆ ಮಾಡೋಕೆ ಹೋಗಿ ಬಾತುಕೋಳಿ ಮಾಡಿಕೊಂಡು ಬಂದಳು. ಅಮ್ಮ ಅದನ್ನು ಟಿವಿ ಪಕ್ಕ ಇಟ್ಟಿದ್ದಾಳೆ.

ಸೆಕೆಂಡ್ ಪಿಯು ರಿಸಲ್ಟ್ ಬಂತು. ಒಳ್ಳೇ ಮಾರ್ಕ್ಸ್. ಸಿಇಟಿ ರ‍್ಯಾಂಕೂ ಪರವಾಗಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಬಾಂಬ್ ಹಾಕಿದಳು. ‘ನಂಗೆ ಬಿ.ಇ. ಬೇಡ. ದೃಶ್ಯಕಲೆ ಡಿಗ್ರಿ ಮಾಡ್ತೀನಿ. ಶಿಲ್ಪ.’

ಅಪ್ಪನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳಿಯಿತು.

ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಒಂದು ಸಣ್ಣ ಲೇತ್ ಶಾಪ್ ನಡೆಸುತ್ತಾರೆ. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಒಂದು ಗ್ರೈಂಡರು. ಮೂವತ್ತು ವರ್ಷದಿಂದ ಅವರ ಉಗುರಿನ ಸಂದಿಯ ಗ್ರೀಸು ಪೂರ್ತಿ ಹೋಗಿದ್ದನ್ನು ನಾನು ನೋಡಿಲ್ಲ. ಅವರ ಆಸೆ ಒಂದೇ, ಮಕ್ಕಳು ಏಸಿ ರೂಮಿನಲ್ಲಿ ಕೂತು ಕೆಲಸ ಮಾಡಬೇಕು. ನಾನು ಕೂತೆ. ಈಗ ಇವಳು ನೋಡಿದರೆ ವಾಪಸ್ ಧೂಳಿಗೆ ಹೋಗ್ತೀನಿ ಅಂತಾಳೆ.

‘ಕಲ್ಲು ಹೊಡೆಯೋ ಕೆಲಸಕ್ಕೆ ಡಿಗ್ರಿ ಬೇರೆ ಬೇಕಾ?’ ಅಂದರು ಅಪ್ಪ.

‘ಅರುಣ್ ಯೋಗಿರಾಜ್ ಎಂಬಿಎ ಮಾಡಿ, ಕೆಲಸ ಬಿಟ್ಟು ಬಂದು ಕಲ್ಲು ಕೆತ್ತಿದ್ದಲ್ವಾ? ಅಯೋಧ್ಯೆಯಲ್ಲಿ ನಿಂತಿರೋದು ಅವರು ಮಾಡಿದ ಬಾಲರಾಮ ತಾನೇ?’

‘ಅವರದು ಐದು ತಲೆಮಾರಿನ ಶಿಲ್ಪಿಗಳ ಮನೆ ಕಣಮ್ಮಾ. ತಾತನ ಕೈಯಿಂದ ಬಂದಿರೋ ವಿದ್ಯೆ. ನಮ್ಮ ವಂಶದಲ್ಲಿ ಯಾರಿದ್ದಾರೆ? ಅದೂ ಹೆಣ್ಣುಮಗು.’

ತಂಗಿ ನನ್ನ ಕಡೆ ನೋಡಿದಳು. ಇಲ್ಲಿ ನಾನು ಒಂದು ನಿಜ ಒಪ್ಪಿಕೊಳ್ಳಬೇಕು. ನಾನು ಅಪ್ಪನ ಪರ ಮಾತಾಡಿದೆ. ‘ಹವ್ಯಾಸ ಅಂತ ಇಟ್ಕೋ ಕಣೇ, ಹೊಟ್ಟೆಪಾಡಿಗೆ ಇಂಜಿನಿಯರಿಂಗ್ ಇರಲಿ’ ಅಂದೆ. ಕೇಳಿದವರಿಗೆ ಅದು ಅಕ್ಕನ ಕಾಳಜಿ. ಒಳಗಿದ್ದದ್ದು ಬೇರೆ. ಮನೆ ಸಾಲದ ಇಎಂಐ ನನ್ನ ಸಂಬಳದಿಂದ ಹೋಗುತ್ತದೆ. ಅಪ್ಪನ ಶಾಪಿಗೆ ಆರ್ಡರ್ ಒಂದು ತಿಂಗಳು ಬಂದರೆ ಇನ್ನೊಂದು ತಿಂಗಳು ಇಲ್ಲ. ಇವಳೂ ದುಡಿಯೋಕೆ ಶುರು ಮಾಡಿದರೆ ನಾನು ಸ್ವಲ್ಪ ಉಸಿರು ಬಿಡಬಹುದು ಅಂತ ಲೆಕ್ಕ ಹಾಕಿದ್ದೆ. ಅವಳು ಕಲ್ಲು ಹಿಡಿದರೆ ನನ್ನ ಲೆಕ್ಕ ತಪ್ಪುತ್ತಿತ್ತು.

ಅವಳು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಒಂದೇ ಒಂದು ಷರತ್ತು ಇಟ್ಟಳು. ‘ಭಾನುವಾರ ಅಪ್ಪ, ನೀನು, ಇಬ್ಬರೂ ನನ್ನ ಜೊತೆ ಬನ್ನಿ. ಎರಡು ಜಾಗ ತೋರಿಸ್ತೀನಿ. ಆಮೇಲೂ ಬೇಡ ಅಂದ್ರೆ ಬೇಡ.’

ಎಂ.ವಿ.ಯಿಂದ ಎಂ.ವಿ.ಗೆ

ಅಮ್ಮ ಮಂಡಿನೋವು ಅಂತ ಬರಲಿಲ್ಲ. ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಳು. ಆಟೋ ಹಿಡಿದು ಜ್ಞಾನಭಾರತಿ ಸ್ಟೇಷನ್ನಿಗೆ ಬಂದೆವು. ಕೆಂಗೇರಿವರೆಗೆ ನೇರಳೆ ಮಾರ್ಗ ಬಂದಿದ್ದು 2021ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ಉಲ್ಲಾಳದವರು ‘ಸಿಟಿಗೆ ಹೋಗಿ ಬರ್ತೀವಿ’ ಅಂದರೆ ಅದು ಒಂದು ಪ್ರಯಾಣವೇ ಆಗಿತ್ತು.

ಕಂಬಗಳ ಮೇಲೆ ಓಡುವ ಮೆಟ್ರೊದಿಂದ ಪಶ್ಚಿಮ ಬೆಂಗಳೂರು ನೋಡೋದು ನನಗೆ ಇಷ್ಟ. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿ. ತಾರಸಿಗಳ ಮೇಲೆ ಒಣಹಾಕಿದ ಹಪ್ಪಳ, ನೀಲಿ ಸಿಂಟೆಕ್ಸು, ಪಾರಿವಾಳದ ಗೂಡು. ಮಾಗಡಿ ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಮೆಜೆಸ್ಟಿಕ್ ಆದ ಮೇಲೆ ಬರೋದು ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಷನ್ನು. ‘ಮನೆ ಹತ್ರ ಎಂ.ವಿ. ಲೇಔಟು, ದಾರೀಲಿ ಎಂ.ವಿ. ಸ್ಟೇಷನ್ನು, ಹೋಗ್ತಿರೋದು ಎಂ.ವಿ. ಮ್ಯೂಸಿಯಮ್ಮು. ಇವತ್ತು ಪೂರ್ತಿ ಅವರದೇ ದಿನ ಬಿಡು’ ಅಂದರು ಅಪ್ಪ. ಎರಡು ದಿನದಲ್ಲಿ ಮೊದಲ ಸಲ ಮೂವರೂ ನಕ್ಕೆವು.

ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಕಸ್ತೂರಬಾ ರಸ್ತೆಗೆ ನಡೆದೆವು. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಬೆಂಗಳೂರಿನಲ್ಲಿ ಓದಿದ ಪ್ರತಿಯೊಬ್ಬರೂ ಸ್ಕೂಲ್ ಟ್ರಿಪ್ಪಿನಲ್ಲಿ ಒಮ್ಮೆಯಾದರೂ ಸಾಲಾಗಿ ಬಂದಿರೋ ಜಾಗ. ಕಟ್ಟಡ ಉದ್ಘಾಟನೆಯಾಗಿದ್ದು 1962ರಲ್ಲಿ, ನೆಹರೂ ಕೈಯಿಂದ. ಮೊದಲ ಗ್ಯಾಲರಿ ಜನರಿಗೆ ತೆರೆದಿದ್ದು 1965ರಲ್ಲಿ.

ಆವರಣದಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನ ನಿಂತಿದೆ. ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ವಿನ್ಯಾಸವಾಗಿ, ಇದೇ ಊರಿನ ಆಕಾಶದಲ್ಲಿ 1961ರ ಜೂನ್ 17ರಂದು ಮೊದಲು ಹಾರಿದ್ದು. ಅಪ್ಪ ವಿಮಾನದ ಆಕಾರ ನೋಡಲಿಲ್ಲ. ಹತ್ತಿರ ಹೋಗಿ ರಿವೆಟ್‌ಗಳ ಸಾಲನ್ನು ಕಣ್ಣಲ್ಲೇ ಅಳೆಯುತ್ತಾ ನಿಂತರು. ‘ಫಿನಿಶಿಂಗ್ ನೋಡು’ ಅಂದರು. ಮೆಚ್ಚುಗೆಗೆ ಅವರ ಹತ್ತಿರ ಇರೋ ದೊಡ್ಡ ಪದ ಅದು.

ಸೈಕಲ್ ಶಾಪಿನ ಅಣ್ಣತಮ್ಮ

ಒಳಗೆ ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿ ಇದೆ. ಚಿಕ್ಕವಳಿದ್ದಾಗ ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಈಗ ನೋಡಿದರೆ ಭಯ ಆಗುತ್ತದೆ. ಮರದ ಪಟ್ಟಿ, ಬಟ್ಟೆ, ತಂತಿ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 40 ಅಡಿ. ಇದರ ಮೇಲೆ ಬೋರಲು ಮಲಗಿಕೊಂಡು ಒಬ್ಬ ಮನುಷ್ಯ ಹಾರಿದ.

1903ರ ಡಿಸೆಂಬರ್ 17, ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳು ದಿಬ್ಬ. ಮೊದಲ ಹಾರಾಟದಲ್ಲಿ ತಮ್ಮ ಆರ್ವಿಲ್ ಹಾರಿದ್ದು 12 ಸೆಕೆಂಡು, 120 ಅಡಿ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ ಥರ್ಟಿ-ಫಾರ್ಟಿ ಸೈಟಿನ ನಾಲ್ಕು ಮನೆಗಳ ಮುಂದೆ ಹಾದು ಹೋಗುವಷ್ಟು. ಅದೇ ದಿನದ ನಾಲ್ಕನೇ ಹಾರಾಟದಲ್ಲಿ ಅಣ್ಣ ವಿಲ್ಬರ್ 59 ಸೆಕೆಂಡು, 852 ಅಡಿ ಹೋದ.

ತಂಗಿ ಓದಿಕೊಂಡು ಬಂದಿದ್ದಳು. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಓಹಾಯೋದ ಡೇಟನ್ ಊರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಹಕ್ಕಿಗಳು ಬ್ಯಾಲೆನ್ಸ್ ಮಾಡೋಕೆ ರೆಕ್ಕೆಯ ತುದಿ ತಿರುಚೋದನ್ನು ನೋಡಿ ನೋಡಿ, 1899ರಲ್ಲಿ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ಕೈಯಲ್ಲಿ ತಿರುಚುವಾಗ ವಿಲ್ಬರ್‌ಗೆ ಅದೇ ಉಪಾಯ ವಿಮಾನಕ್ಕೂ ಆಗುತ್ತೆ ಅಂತ ಹೊಳೆಯಿತು. ಕೆರೆ ಏರಿ ಮೇಲೆ ಅವಳು ನನಗೆ ತೋರಿಸುತ್ತಿದ್ದದ್ದು ಇದನ್ನೇ ಅಂತ ಆಗ ನನಗೆ ಅರ್ಥವಾಯಿತು.

‘ಅಪ್ಪ, ಇದು ನಿಮಗೆ’ ಅಂದು ಅವಳು ಫೋನ್ ತೆಗೆದಳು. ‘ವಿಮಾನಕ್ಕೆ ಇಂಜಿನ್ ಬೇಕಿತ್ತು. ಅಷ್ಟು ಹಗುರವಾದ್ದು ಯಾವ ಕಂಪನಿ ಹತ್ರಾನೂ ಸಿಗಲಿಲ್ಲ. ಕೊನೆಗೆ ಅವರ ಶಾಪಿನ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಮಾಡಿಕೊಟ್ಟ. ನಾಲ್ಕು ಸಿಲಿಂಡರು, 12 ಹಾರ್ಸ್‌ಪವರು. ಸರಿಯಾದ ಡ್ರಾಯಿಂಗೂ ಇರಲಿಲ್ಲ. ಕಾಗದದ ಚೂರಿನ ಮೇಲೆ ಗೀಚಿದ್ದನ್ನ ಎದುರಿಗೆ ಸಿಕ್ಕಿಸ್ಕೊಂಡು ಮಾಡಿದ್ದು.’

ಅಪ್ಪನ ಕಿವಿ ನೆಟ್ಟಗಾಯಿತು. ‘ಮಷೀನು ಯಾವುದಿತ್ತು?’

‘ಒಂದು ಲೇತು, ಒಂದು ಡ್ರಿಲ್ಲಿಂಗ್ ಮಷೀನು.’

‘ಕ್ರ್ಯಾಂಕ್‌ಶಾಫ್ಟು? ಅದು ಹೇಗೆ ಮಾಡ್ದ?’

‘ದಪ್ಪನೆ ಸ್ಟೀಲ್ ತುಂಡಿನ ಮೇಲೆ ಆಕಾರ ಬರೆದುಕೊಂಡು, ಗೆರೆಗುಂಟ ಒತ್ತೊತ್ತಾಗಿ ತೂತು ಕೊರೆದು, ಬೇಡದ್ದನ್ನೆಲ್ಲಾ ಸುತ್ತಿಗೆ ಉಳಿ ಹಿಡಿದು ಒಡೆದು ತೆಗೆದ. ಆಮೇಲೆ ಲೇತಿಗೆ ಹಾಕಿ ಟರ್ನ್ ಮಾಡಿದ.’

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ‘ಸುತ್ತಿಗೆ ಉಳೀಲಾ?’ ಅಂದರು. ‘ಭಾರೀ ಕಷ್ಟ. ಒಂದು ಏಟು ಜಾಸ್ತಿ ಬಿದ್ರೆ ಜಾಬ್ ಹೋಯ್ತು.’

‘ಕಲ್ಲಲ್ಲೂ ಅಷ್ಟೇ ಅಪ್ಪ’ ಅಂದಳು ತಂಗಿ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಜಾಣೆ.

ಅಣ್ಣತಮ್ಮನಿಗೆ ರೂಪ ಕೊಟ್ಟವರು

ಅವಳು ನಮ್ಮನ್ನು ಕರೆತಂದಿದ್ದು ವಿಮಾನ ತೋರಿಸೋಕಲ್ಲ. ಈ ಮ್ಯೂಸಿಯಂನಲ್ಲಿ ರೈಟ್ ಸಹೋದರರ ಶಿಲ್ಪವಿದೆ. ಮೀಸೆ ಇದ್ದವನು ತಮ್ಮ, ಮೀಸೆ ಇಲ್ಲದವನು ಅಣ್ಣ. ಇದು ಗುರುತು ಹಿಡಿಯೋಕೆ ಅವಳು ಹೇಳಿಕೊಟ್ಟ ಉಪಾಯ. ಎಷ್ಟೋ ಸಾವಿರ ಮಕ್ಕಳು ಇದರ ಮುಂದೆ ಹಾದು ಹೋಗಿರುತ್ತಾರೆ. ನಾನೂ ಹೋಗಿದ್ದೆ. ಮಾಡಿದವರು ಯಾರು ಅಂತ ಯಾವತ್ತೂ ಕೇಳಿರಲಿಲ್ಲ.

‘ಇದನ್ನ ಮಾಡಿದವರು ಕನಕಾ ಮೂರ್ತಿ’ ಅಂದಳು ತಂಗಿ.

‘ಹೆಂಗಸಾ?’ ಅಂದರು ಅಪ್ಪ.

‘ಹೂಂ. ಶಿಲ್ಪಿಗಳ ಮನೆಯವರೂ ಅಲ್ಲ.’

ಮಕ್ಕಳ ಗದ್ದಲದಿಂದ ಸ್ವಲ್ಪ ಆಚೆ ಒಂದು ಬೆಂಚಿನ ಮೇಲೆ ಕೂತೆವು. ಅವಳು ಹೇಳಿದ್ದನ್ನು, ಆಮೇಲೆ ನಾನೇ ಓದಿಕೊಂಡಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕನಕಾ ಮೂರ್ತಿ ಹುಟ್ಟಿದ್ದು 1942ರಲ್ಲಿ, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಕಾವೇರಿ, ಕಪಿಲೆ ಕೂಡುವ ಊರು. ಗುಂಜಾ ನರಸಿಂಹಸ್ವಾಮಿಯ ಗುಡಿ ಊರಲ್ಲೇ ಇದೆ. ಅದೇ ತಾಲ್ಲೂಕಿನಲ್ಲಿ ಸೋಮನಾಥಪುರ. ಹದಿಮೂರನೇ ಶತಮಾನದ ಹೊಯ್ಸಳರ ಕೇಶವ ದೇವಾಲಯ ಅಲ್ಲಿದೆ. ಅದರ ಗೋಡೆಯ ಮೂರ್ತಿಗಳ ಕೆಳಗೆ ಮಲ್ಲಿತಮ್ಮ ಅನ್ನೋ ಶಿಲ್ಪಿ ತನ್ನ ಹೆಸರು ಕೆತ್ತಿಕೊಂಡಿದ್ದಾನೆ. ಇಂಥ ಸೀಮೆಯಲ್ಲಿ, ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದ ಹುಡುಗಿ ವಿಜ್ಞಾನ ಓದೋಕೆ ಬೆಂಗಳೂರಿಗೆ ಬಂದರು. ಅಂದರೆ ಅವರ ಮನೆಯಲ್ಲೂ ನಮ್ಮ ಮನೆಯ ಹಾಗೆ ಮೊದಲು ಬಂದದ್ದು ಸೈನ್ಸೇ.

ಬೆಂಗಳೂರಿನಲ್ಲಿ ಅ.ನ. ಸುಬ್ಬರಾಯರು ಕಟ್ಟಿದ ‘ಕಲಾಮಂದಿರ’ ಚಿತ್ರಕಲಾ ಶಾಲೆ ಇತ್ತು. ಕನಕಾ ಅಲ್ಲಿ ಸೇರಿದರು. ಅಲ್ಲಿಂದ ಸಿಕ್ಕ ದಾರಿಯಲ್ಲಿ ದೇವಲಕುಂದ ವಾದಿರಾಜರ ಶಿಷ್ಯೆಯಾದರು. ವಾದಿರಾಜರು ಸಾಂಪ್ರದಾಯಿಕ ಶಿಲ್ಪದಲ್ಲಿ ದೊಡ್ಡ ಹೆಸರು. ಹೊರಗಿನಿಂದ ಬಂದ, ಅದೂ ಒಬ್ಬ ಹೆಣ್ಣುಮಗಳನ್ನು ಕೂರಿಸಿಕೊಂಡು ಶಿಲ್ಪಶಾಸ್ತ್ರ ಹೇಳಿಕೊಡೋದು ಆ ಕಾಲಕ್ಕೆ ಸಣ್ಣ ಮಾತಲ್ಲ. ವಿದ್ಯೆ ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದ ಕಾಲ ಅದು.

ಈ ಜಾಗಕ್ಕೆ ಬಂದಾಗ ತಂಗಿ ಶೆಡ್ಡಿನ ಮೇಸ್ತ್ರಿ ಹೇಳಿಕೊಟ್ಟ ಒಂದು ವಿಷಯ ಹೇಳಿದಳು. ಶಿಲ್ಪಿಗಳು ಕಲ್ಲನ್ನು ತಟ್ಟಿ, ಸದ್ದು ಕೇಳಿ ಆರಿಸುತ್ತಾರೆ. ಶಿಲ್ಪಶಾಸ್ತ್ರದಲ್ಲಿ ಗಂಡು ಕಲ್ಲು, ಹೆಣ್ಣು ಕಲ್ಲು, ಎರಡೂ ಅಲ್ಲದ ಕಲ್ಲು ಅಂತ ಮೂರು ಬಗೆ. ದೇವರಿಗೆ ಗಂಡು ಕಲ್ಲು, ದೇವಿಗೆ ಹೆಣ್ಣು ಕಲ್ಲು, ಪೀಠಕ್ಕೆ ಮೂರನೆಯದು. ‘ಅಂದ್ರೆ ಕಲ್ಲಲ್ಲಿ ಹೆಣ್ಣು ಇರಬಹುದು ಅಪ್ಪ, ಉಳಿ ಹಿಡಿಯೋದ್ರಲ್ಲಿ ಮಾತ್ರ ಇರಬಾರದು!’

ಅಪ್ಪ ಬೇರೆ ಕಡೆ ನೋಡಿದರು.

ಕನಕಾ ಮೂರ್ತಿ ನಿಲ್ಲಲಿಲ್ಲ. ಹೊಯ್ಸಳ, ಚೋಳ, ಚಾಲುಕ್ಯ ಶೈಲಿಗಳನ್ನು ಕಲಿತು ದೇವರ ಮೂರ್ತಿಗಳನ್ನು ಕೆತ್ತಿದರು. ಸಂಗೀತಗಾರರ, ಸಾಹಿತಿಗಳ ಮುಖಗಳನ್ನು ಮೂಡಿಸಿದರು. ದೇವರ ಮೂರ್ತಿಗೆ ತಾಳಮಾನದ ಲೆಕ್ಕ ಇರುತ್ತದೆ. ಮುಖ ಇಷ್ಟು, ಎದೆ ಇಷ್ಟು, ಕಾಲು ಇಷ್ಟು ಅಂತ. ಮನುಷ್ಯರ ಮುಖಕ್ಕೆ ಆ ಲೆಕ್ಕ ಸಾಲದು. ಒಬ್ಬೊಬ್ಬರ ಮೂಗು ಒಂದೊಂದು ಥರ. ಎರಡೂ ವಿದ್ಯೆ ಒಂದೇ ಕೈಯಲ್ಲಿ ಇರೋದು ಅಪರೂಪ. ಅವರು ಮಾಡಿದ ಶಿಲ್ಪಗಳ ಸಂಖ್ಯೆ 200ಕ್ಕೂ ಹೆಚ್ಚು. ಶಿಲ್ಪಕಲಾ ಅಕಾಡೆಮಿ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, ಜಕಣಾಚಾರಿ ಪ್ರಶಸ್ತಿ ಎಲ್ಲವೂ ಬಂದವು. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ ಅವರು ತೀರಿಕೊಂಡರು. ಆ ತಿಂಗಳು ನಾವೆಲ್ಲಾ ಬಾಗಿಲು ಹಾಕಿಕೊಂಡು ಆಂಬುಲೆನ್ಸ್ ಸದ್ದು ಕೇಳುತ್ತಾ ಕೂತಿದ್ದೆವು. ಎಷ್ಟೋ ಹೆಸರುಗಳು ಆ ಸದ್ದಿನಲ್ಲೇ ಕಳೆದುಹೋದವು.

ತಂಗಿಗೆ ಅವರ ಹೆಸರು ಮೊದಲು ಗೊತ್ತಾಗಿದ್ದೂ ಅವರು ತೀರಿಕೊಂಡ ಮೇಲೆಯೇ. ‘ನೋಡಬಹುದಿತ್ತು, ಒಂದ್ಸಲ ಮಾತಾಡಿಸಬಹುದಿತ್ತು’ ಅಂತ ಈಗಲೂ ಅಂತಾಳೆ.

ರೆಕ್ಕೆ ಇಲ್ಲದೆ ಹಾರೋದು

ಅವಳ ಚೀಲದಲ್ಲಿ ಯಾವಾಗಲೂ ಒಂದು ಡ್ರಾಯಿಂಗ್ ಪುಸ್ತಕ ಇರುತ್ತದೆ. ಅವತ್ತು ಅಪ್ಪನಿಗೆ ಮೊದಲ ಸಲ ತೆರೆದು ತೋರಿಸಿದಳು. ಕಾಲೇಜು ಟೂರಿನಲ್ಲಿ ಬಾದಾಮಿ, ಐಹೊಳೆಗೆ ಹೋದಾಗ ಬರೆದಿದ್ದು. ಗುಹೆಯ ಚಾವಣಿಯಲ್ಲಿ ಹಾರುತ್ತಿರುವ ಗಂಧರ್ವ ದಂಪತಿಗಳು.

‘ಇವರಿಗೆ ರೆಕ್ಕೆ ಎಲ್ಲಿದೆ?’ ಅಂತ ಅಪ್ಪ ಕೇಳಿದರು.

‘ಇಲ್ಲ ಅಪ್ಪ. ನಮ್ಮ ಶಿಲ್ಪಿಗಳು ಗರುಡನಿಗೆ ರೆಕ್ಕೆ ಕೊಟ್ಟರು. ಗಂಧರ್ವರಿಗೆ ಕೊಡಲಿಲ್ಲ. ನೋಡಿ, ಮಂಡಿ ಮಡಿಸಿ ಪಾದ ಹಿಂದಕ್ಕೆ ಎತ್ತಿದ್ದಾರೆ. ಉತ್ತರೀಯ ಗಾಳಿಗೆ ಹಿಂದೆ ಹಾರ್ತಿದೆ. ಮೈ ಮುಂದಕ್ಕೆ ಬಾಗಿದೆ. ಅಷ್ಟು ಸಾಕು, ಹಾರ್ತಿದ್ದಾರೆ ಅಂತ ಗೊತ್ತಾಗುತ್ತೆ.’

ನಾನು ಆ ಚಿತ್ರ ನೋಡುತ್ತಾ ಕೂತೆ. ಸಾವಿರದ ಮುನ್ನೂರು, ನಾನೂರು ವರ್ಷದ ಹಿಂದೆ ಯಾರೋ ಬಂಡೆಯ ಕೆಳಗೆ ನಿಂತು, ಕತ್ತೆತ್ತಿ, ಕಣ್ಣಿಗೆ ಬೀಳೋ ಧೂಳು ಒರೆಸಿಕೊಳ್ಳುತ್ತಾ ಆ ಬಟ್ಟೆಯ ಮಡಿಕೆ ಕೆತ್ತಿದ್ದಾನೆ. ಪರ್ವತದಷ್ಟು ಭಾರದ ಕಲ್ಲು, ಅದರಲ್ಲಿ ಗಾಳಿ. ಹಾರಾಟ ಅಂದರೆ ಹಗುರ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಹಾರಿಸಿದವರೆಲ್ಲಾ ಭಾರದ ಕೆಲಸ ಮಾಡಿದವರೇ. ಚಾರ್ಲಿ ಟೇಲರ್ ಸ್ಟೀಲು ಕೊರೆದ. ಕನಕಾ ಮೂರ್ತಿ ಕಲ್ಲಿನ ಜೊತೆ ಬದುಕು ಕಳೆದರು. ನಮ್ಮ ಅಪ್ಪ ಮೂವತ್ತು ವರ್ಷ ಲೇತಿನ ಮುಂದೆ ನಿಂತಿದ್ದಕ್ಕೇ ನಾನು ಒಮ್ಮೆ ವಿಮಾನ ಹತ್ತಿ ಆನ್‌ಸೈಟಿಗೆ ಹೋಗಿ ಬಂದೆ. ಇದು ನನಗೆ ಅಲ್ಲಿ ಕೂತಾಗ ಹೊಳೆದದ್ದು. ಮೊದಲೇ ಹೊಳೆಯಬೇಕಿತ್ತು.

ಚಿತ್ರಾನ್ನ ತಿಂದು, ವಾಪಸ್ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗ ಹಿಡಿದು ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದೆವು. ಪಶ್ಚಿಮ ದ್ವಾರದ ಬಳಿ ಕುವೆಂಪು ಅವರ ಪ್ರತಿಮೆ ಇದೆ. ಅದೂ ಕನಕಾ ಮೂರ್ತಿಯವರದೇ. ಅಲ್ಲಿ ಎಷ್ಟು ಸಲ ಕ್ಯಾಬಿಗೆ ಕಾದಿಲ್ಲ ನಾನು! ‘ಕುವೆಂಪು ಸ್ಟ್ಯಾಚ್ಯೂ ಹತ್ರ ನಿಂತಿದ್ದೀನಿ ಬನ್ನಿ’ ಅಂತ ಡ್ರೈವರಿಗೆ ಹೇಳಿದ್ದೇನೆ. ಲೊಕೇಶನ್ ಹೇಳೋಕೆ ಮಾತ್ರ ಬಳಸಿದ್ದೆ.

ಅಪ್ಪ ಪ್ರತಿಮೆಯ ಮುಂದೆ ನಿಂತರು. ಮಾರುತ್ ವಿಮಾನದ ಮುಂದೆ ನಿಂತ ಹಾಗೇ, ಸ್ವಲ್ಪ ಬಾಗಿ, ಕಣ್ಣು ಕಿರಿದು ಮಾಡಿ. ಬಹಳ ಹೊತ್ತಿನ ಮೇಲೆ ಕೇಳಿದರು. ‘ಇದಕ್ಕೆಲ್ಲಾ ಉಳಿ ಎಷ್ಟು ಸಲ ಸಾಣೆ ಹಿಡೀಬೇಕು?’

‘ಗಟ್ಟಿ ಕಲ್ಲಾದ್ರೆ ದಿನಕ್ಕೆ ಎಷ್ಟೋ ಸಲ ಅಪ್ಪ. ಮೇಸ್ತ್ರಿ ಹತ್ರ ಅದೇ ಗೋಳು. ಮೊನೆ ಬೇಗ ಹೋಗುತ್ತೆ.’

‘ಹದ ಸರಿ ಇಲ್ಲ ಅನ್ಸುತ್ತೆ’ ಅಂದರು ಅಪ್ಪ, ತಮಗೆ ತಾವೇ.

ಮುದುಕಪ್ಪನ ಆಸೆ

ವಾಪಸ್ ಬರುವಾಗ ಮೆಟ್ರೊದಲ್ಲಿ ಸೀಟು ಸಿಕ್ಕಿತು. ತಂಗಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ನಾನು ಫೋನಿನಲ್ಲಿ ರೈಟ್ ಸಹೋದರರ ಬಗ್ಗೆ ಓದುತ್ತಿದ್ದೆ. ಒಂದು ಕಡೆ ಕಣ್ಣು ನಿಂತಿತು. ಅಪ್ಪನಿಗೆ ಓದಿ ಹೇಳಿದೆ.

ಆ ಅಣ್ಣತಮ್ಮನ ತಂದೆ ಮಿಲ್ಟನ್ ರೈಟ್ ಚರ್ಚಿನ ಬಿಷಪ್ಪು. ಮಕ್ಕಳು ಚಿಕ್ಕವರಿದ್ದಾಗ, 1878ರಲ್ಲಿ, ರಬ್ಬರ್ ಬ್ಯಾಂಡಿನಿಂದ ಹಾರುವ ಒಂದು ಆಟಿಕೆ ತಂದುಕೊಟ್ಟಿದ್ದು ಅವರೇ. ಮಕ್ಕಳಿಗೆ ಹಾರಾಟದ ಹುಚ್ಚು ಹಿಡಿದಿದ್ದು ಅದರಿಂದ. ಆದರೆ ಮಕ್ಕಳು ದೊಡ್ಡವರಾಗಿ ನಿಜವಾಗಿ ಹಾರೋಕೆ ಶುರು ಮಾಡಿದಾಗ ತಂದೆಗೆ ಭಯ. ಇಬ್ಬರೂ ಒಟ್ಟಿಗೆ ಹಾರಬಾರದು ಅಂತ ಮಾತು ತಗೊಂಡಿದ್ದರು. ಏನಾದರೂ ಆದರೆ ಒಬ್ಬ ಮಗನಾದರೂ ಉಳಿಯಲಿ ಅಂತ. ಮಕ್ಕಳು ಆ ಮಾತು ನಡೆಸಿದರು. 1910ರ ಮೇ 25ರಂದು ಮಾತ್ರ ತಂದೆಯ ಅನುಮತಿ ಪಡೆದು ಒಂದೇ ಒಂದು ಸಲ ಇಬ್ಬರೂ ಜೊತೆಗೆ ಹಾರಿದರು.

ಅದೇ ದಿನ ಆರ್ವಿಲ್ ತಂದೆಯನ್ನೂ ವಿಮಾನದಲ್ಲಿ ಕೂರಿಸಿಕೊಂಡ. ಆಗ ಮಿಲ್ಟನ್‌ಗೆ 81 ವರ್ಷ. ಮೊದಲ ಸಲ ನೆಲ ಬಿಟ್ಟಿದ್ದು. ಮೇಲೆ ಹೋದಾಗ ಮಗನ ಕಿವಿಯ ಹತ್ತಿರ ಬಾಗಿ, ಇನ್ನೂ ಮೇಲಕ್ಕೆ ಹೋಗು ಅಂದರಂತೆ.

ಅಪ್ಪ ನಕ್ಕರು. ‘ಮುದುಕಪ್ಪನಿಗೆ ಆಸೆ ನೋಡು’ ಅಂದರು. ಆಮೇಲೆ ಸುಮ್ಮನಾದರು. ವಿಜಯನಗರ ಬಂತು, ಅತ್ತಿಗುಪ್ಪೆ ಬಂತು. ಅವರು ನಿದ್ದೆ ಹೋದ ತಂಗಿಯ ಕೈ ನೋಡುತ್ತಿದ್ದರು. ಹೆಬ್ಬೆರಳಿನ ಹತ್ತಿರ ಉಳಿ ಜಾರಿದ ಹಳೇ ಗಾಯ, ಉಗುರಿನ ಸಂದಿಯಲ್ಲಿ ಬೂದು ಬಣ್ಣದ ಧೂಳು. ಪಕ್ಕದಲ್ಲೇ ಅವರ ಕೈ, ಗ್ರೀಸಿನ ಕಪ್ಪು.

‘ಧೂಳಿಗೆ ಮಾಸ್ಕ್ ಹಾಕ್ಕೋತಾಳಾ ಇವಳು?’ ಅಂತ ಕೇಳಿದರು.

‘ಇಲ್ಲ ಅನ್ಸುತ್ತೆ.’

‘ಹೇಳು ಅವಳಿಗೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೂತ್ರೆ ಹೋಗಲ್ಲ.’

ಬೇಡ ಅನ್ನೋಕೆ ಇದೂ ಒಂದು ಕಾರಣ ಆಗಬಹುದಿತ್ತು. ಅಪ್ಪ ಅದನ್ನು ಕಾರಣ ಮಾಡಿಕೊಳ್ಳಲಿಲ್ಲ.

ಆಗ ನಾನೂ ಒಂದು ಮಾತು ಆಡಿದೆ. ಭಾನುವಾರ ಬೆಳಗ್ಗೆಯವರೆಗೂ ಆಡುತ್ತೇನೆ ಅಂದುಕೊಂಡಿರಲಿಲ್ಲ. ‘ಅಪ್ಪ, ನಾಲ್ಕು ವರ್ಷದ ಫೀಸು ನಾನು ನೋಡ್ಕೋತೀನಿ. ಇಎಂಐ ಇದ್ದೇ ಇರುತ್ತೆ. ಇನ್ನೊಂದು ನಾಲ್ಕು ವರ್ಷ ಎಳೆದ್ರಾಯ್ತು.’ ಹೇಳುವಾಗ ಗಂಟಲು ಸ್ವಲ್ಪ ಒಣಗಿತು. ಸುಳ್ಳು ಯಾಕೆ ಹೇಳಲಿ, ಈಗಲೂ ತಿಂಗಳ ಕೊನೆಗೆ ಲೆಕ್ಕ ಹಾಕುವಾಗ ಒಣಗುತ್ತದೆ.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ.

ಬುಧವಾರ ರಾತ್ರಿ ಶಾಪಿನಿಂದ ಬಂದವರು ಟಿಫನ್ ಡಬ್ಬಿಯ ಚೀಲದಿಂದ ಹಳೇ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ತಂಗಿಯ ಮುಂದೆ ಇಟ್ಟರು. ನಾಲ್ಕು ಉಳಿ. ಎರಡಕ್ಕೆ ಚೆನ್ನಾಗಿ ಹದ ಕೊಟ್ಟಿದ್ದರು. ಇನ್ನೆರಡಕ್ಕೆ ತುದಿಯಲ್ಲಿ ಕಾರ್ಬೈಡ್ ಬೆಸೆದು, ಹಿಡಿ ಅವಳ ಕೈ ಅಳತೆಗೆ ಟರ್ನ್ ಮಾಡಿದ್ದರು. ಜೊತೆಗೆ ಒಂದು ಡಬ್ಬ ಮಾಸ್ಕು.

‘ಇದು ಬೇಗ ಮೊನೆ ಹೋಗಲ್ಲ’ ಅಂದರು. ‘ಹೋದ್ರೆ ತಂದುಕೊಡು. ಹೊರಗೆ ಸಾಣೆ ಹಿಡಿಸಬೇಡ, ಕೆಡಿಸ್ತಾರೆ.’

ಅವಳು ಎರಡೂ ಕಡೆ ಅರ್ಜಿ ಹಾಕಿದ್ದಾಳೆ. ಅದು ಅಪ್ಪನ ಷರತ್ತು. ಬಿ.ಇ.ಗೂ ಆಪ್ಷನ್ ಎಂಟ್ರಿ ಮಾಡಿದ್ದಾಳೆ, ದೃಶ್ಯಕಲೆಯ ಪ್ರವೇಶ ಪರೀಕ್ಷೆಗೂ ಕೂರುತ್ತಿದ್ದಾಳೆ. ಯಾವುದು ಆಗುತ್ತದೋ ಈ ಲೇಖನ ಬರೆಯುವ ಹೊತ್ತಿಗೆ ತಿಳಿದಿಲ್ಲ. ಆದರೆ ಶೆಡ್ಡಿನಿಂದ ಸಂಜೆ ಬರುವ ಸದ್ದು ಈಗ ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಮೇಸ್ತ್ರಿ ಕೂಡ ತಮ್ಮ ಉಳಿಗಳನ್ನು ಅಪ್ಪನ ಹತ್ತಿರ ಕಳಿಸೋಕೆ ಶುರು ಮಾಡಿದ್ದಾರೆ.

ನೀವು ಸ್ಕೂಲ್ ಟ್ರಿಪ್ಪಿನ ನಂತರ ಕಸ್ತೂರಬಾ ರಸ್ತೆಯ ಆ ಮ್ಯೂಸಿಯಮ್ಮಿಗೆ ಹೋಗಿಲ್ಲವಾದರೆ ಒಂದು ಭಾನುವಾರ ಹೋಗಿ ಬನ್ನಿ. ಮನೆಯಲ್ಲಿ ಅಪ್ಪನೋ ಅಮ್ಮನೋ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ವಿಮಾನ ನೋಡಿ, ಅಣ್ಣತಮ್ಮನನ್ನು ನೋಡಿ. ಮಕ್ಕಳು ‘ಇದನ್ನ ಯಾರು ಮಾಡಿದ್ದು’ ಅಂತ ಕೇಳಿದರೆ ಕನಕಾ ಮೂರ್ತಿ ಅಂತ ಹೇಳಿ. ಅವರು ಕೇಳದಿದ್ದರೂ ಹೇಳಿ.

ಇವತ್ತು ಬೆಳಗ್ಗೆ ಕೆರೆ ಏರಿ ಮೇಲೆ ಗರುಡ ಬಂದಿತ್ತು. ಅಮ್ಮ ಕೈ ಮುಗಿದಳು. ನಾನು ಫೋನು ಜೇಬಿಗೆ ಹಾಕಿ, ತಂಗಿಯ ಪಕ್ಕ ನಿಂತು ರೆಕ್ಕೆಯ ತುದಿ ನೋಡಿದೆ. ಹೌದು, ತಿರುಗುವಾಗ ತಿರುಚುತ್ತದೆ.